ಬಿ ಕಣಗಳ ಬಾಳು ಮತ್ತು ಸಾವು



ಕನ್ನಡ ಪಾಠ ಹೇಳಿಕೊಂಡಿದ್ದವನಿಗೂ ರಕ್ತದ ಕಣಗಳಿಗೂ ಏನು ಸಂಬಂಧ ಎಂದು ಈ ಭಾಷಣದ ಹೆಸರನ್ನು ಕೇಳಿದ ಕೆಲವರಿಗಾದರೂ ಅನಿಸಿರಬಹುದು. ಅದಕ್ಕೆ ಉತ್ತರವಾಗಿ ಒಂದು ಪದದ ಕಥೆಯನ್ನು ಮೊದಲು ಹೇಳುತ್ತೇನೆ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ಕೂಡಿ ಕೆಲಸ ಮಾಡಿದ್ದ ಮೂವರು ರೋಗಶಾಸ್ತ್ರಜ್ಞರು, ಜಾನ್ ಕೆರ್, ಆಂಡ್ರೂ ವೈಲಿ ಮತ್ತು ಅಲಸ್ಟೇರ್ ಕರಿ, ೧೯೭೨ರಲ್ಲಿ ಜೀವಕೋಶದ ಒಂದು ವಿಶಿಷ್ಟ ಬಗೆಯ ಸಾವನ್ನು ವರ್ಣಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಪೆಟ್ಟು ಬಿದ್ದೋ ವಿಷ ತಗಲಿಯೋ ಸಾಯುವ ಕೋಶವು ಉಬ್ಬಿ, ಒಡೆದು, ನೆರೆಯ ಭಾಗವನ್ನೆಲ್ಲ ಕೆರಳಿಸಿ ಸಾಯುತ್ತದೆ. ಇವರು ಕಂಡ ಸಾವು ಬೇರೆ. ಇಲ್ಲಿ ಕೋಶವು ತಾನಾಗಿ ಕುಗ್ಗುತ್ತದೆ. ತನ್ನೊಳಗಿನ ಸಾಮಗ್ರಿಯನ್ನು ಪೊಟ್ಟಣಗಳಾಗಿ ಕಟ್ಟಿಡುತ್ತದೆ. ಆ ಪೊಟ್ಟಣಗಳನ್ನು ನೆರೆಯ ಕೋಶಗಳು ನುಂಗಿ ಜೀರ್ಣಿಸಿಕೊಳ್ಳುತ್ತವೆ. ಉರಿಯಿಲ್ಲ, ಬಾವಿಲ್ಲ. ಇದಕ್ಕೊಂದು ಹೆಸರು ಬೇಕಾಯಿತು. ಆ ಹೆಸರನ್ನು ಸೂಚಿಸಿದವರು ಅದೇ ವಿಶ್ವವಿದ್ಯಾನಿಲಯದ ಗ್ರೀಕ್ ಭಾಷೆಯ ಪ್ರಾಧ್ಯಾಪಕರಾಗಿದ್ದ ಜೇಮ್ಸ್ ಕಾರ್ಮ್ಯಾಕ್. ಪದ ‘ಅಪೊಪ್ಟೋಸಿಸ್’. ಮರದಿಂದ ಎಲೆ, ಹೂವಿನಿಂದ ಎಸಳು ಕಳಚಿ ಬೀಳುವುದು ಎಂದು ಅದರ ಅರ್ಥ. ವಿಜ್ಞಾನದ ಒಂದು ಮುಖ್ಯ ಪದವನ್ನು ಭಾಷೆಯ ಅಧ್ಯಾಪಕರೊಬ್ಬರು ಕೊಟ್ಟಿರುವಾಗ, ಇನ್ನೊಬ್ಬ ಭಾಷೆಯ ಅಧ್ಯಾಪಕ ಆ ವಿಷಯವಾಗಿ ನಾಲ್ಕು ಮಾತಾಡಿದರೆ ತಪ್ಪಾಗಲಾರದು ಎಂದು ನನ್ನ ಧೈರ್ಯ.

ಆ ಹೋಲಿಕೆ ಎಷ್ಟು ಸಾರ್ಥಕವಾದುದೆಂಬುದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ನಾನಿರುವ ಬಿಕರ್ನಕಟ್ಟೆಯಲ್ಲಿ ಚಳಿ ಮುಗಿಯುವ ಹೊತ್ತಿಗೆ ಬಾದಾಮಿ ಮರದ ಎಲೆಗಳು ಕೆಂಪಾಗಿ ಉದುರುತ್ತವೆ. ಆಷಾಢದ ಗಾಳಿಗೆ ಹರಿದು ಬೀಳುವ ಹಸಿ ಎಲೆಗೂ ಈ ಹಣ್ಣೆಲೆಗೂ ವ್ಯತ್ಯಾಸವಿದೆ. ಹಣ್ಣೆಲೆಯನ್ನು ಉದುರಿಸುವ ಮೊದಲು ಮರವು ಅದರಲ್ಲಿದ್ದ ಸಾರವನ್ನು ಹಿಂದಕ್ಕೆ ಎಳೆದುಕೊಂಡಿರುತ್ತದೆ. ತೊಟ್ಟಿನ ಬುಡದಲ್ಲಿ ಒಂದು ತೆಳುವಾದ ಅಡ್ಡಪದರವನ್ನು ಕಟ್ಟಿರುತ್ತದೆ. ಎಲೆ ಬಿದ್ದ ಜಾಗದಲ್ಲಿ ಗಾಯ ತೆರೆದಿರುವುದಿಲ್ಲ. ಬಿದ್ದ ತರಗೆಲೆಯನ್ನು ನಮ್ಮ ಜಿಲ್ಲೆಯ ರೈತರು ಗುಡಿಸಿ ಹಟ್ಟಿಗೆ ಹಾಕುತ್ತಾರೆ, ಅದು ಗೊಬ್ಬರವಾಗಿ ತೋಟಕ್ಕೆ ಮರಳುತ್ತದೆ. ನಮ್ಮ ಶರೀರದೊಳಗೆ ದಿನವೂ ನಡೆಯುವ ಕಾರ್ಯ ಇದೇ. ಅದರಲ್ಲಿಯೂ ರೋಗನಿರೋಧದ ಕೆಲಸಕ್ಕೆ ಮೀಸಲಾದ ಬಿ ಜೀವಕೋಶಗಳೆಂಬ ಬಿಳಿಯ ರಕ್ತಕಣಗಳಲ್ಲಿ ಈ ಉದುರುವಿಕೆಗೆ ಬಹು ದೊಡ್ಡ ಪಾತ್ರವಿದೆ. ಅವನ್ನು ಹ್ರಸ್ವವಾಗಿ ಬಿ ಕಣಗಳೆಂದು ಕರೆಯೋಣ.

ಬಿ ಕಣದ ಕೆಲಸವೆಂದರೆ ಪ್ರತಿಕಾಯಗಳನ್ನು ತಯಾರಿಸುವುದು. ಹೊರಗಿನಿಂದ ಬಂದ ರೋಗಾಣುವಿಗೋ ವಿಷಕ್ಕೋ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಸಸಾರಜನಕ ವಸ್ತುವೇ ಪ್ರತಿಕಾಯ. ‘ಬಿ’ ಎಂಬ ಅಕ್ಷರ ಎಲ್ಲಿಂದ ಬಂತು? ಕೋಳಿಯಿಂದ ಬಂತು! ಕೋಳಿಯ ಮಲದ್ವಾರದ ಸಮೀಪ ಒಂದು ಪುಟ್ಟ ಚೀಲವಿದೆ. ಇಟಲಿಯ ಪಾದುವಾದಲ್ಲಿದ್ದ ಫ್ಯಾಬ್ರಿಸಿಯಸ್ ಎಂಬ ಶರೀರಶಾಸ್ತ್ರಜ್ಞ ಅದನ್ನು ವರ್ಣಿಸಿದ; ಅವನ ಬರಹ ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, ೧೬೨೧ರಲ್ಲಿ. ಚೀಲಕ್ಕೆ ಲ್ಯಾಟಿನ್ನಿನಲ್ಲಿ ‘ಬರ್ಸಾ’ ಎನ್ನುತ್ತಾರೆ. ಅದರ ಉಪಯೋಗವೇನೆಂದು ಮುನ್ನೂರು ವರ್ಷಗಳಿಗೂ ಮೀರಿ ಯಾರಿಗೂ ತಿಳಿದಿರಲಿಲ್ಲ. ಅಮೆರಿಕದ ಓಹಿಯೋದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಆ ಚೀಲವನ್ನು ತೆಗೆದುಹಾಕಿದ್ದ ಕೋಳಿಗಳನ್ನು ಅವನ ಗೆಳೆಯನೊಬ್ಬ ತರಗತಿಯ ಪ್ರಯೋಗಕ್ಕೆಂದು ತೆಗೆದುಕೊಂಡು ಹೋದ. ಪ್ರತಿಕಾಯ ಹೇಗೆ ಹುಟ್ಟುತ್ತದೆಂದು ತೋರಿಸುವುದು ಆ ಪ್ರಯೋಗದ ಉದ್ದೇಶ. ಆ ಕೋಳಿಗಳಲ್ಲಿ ಪ್ರತಿಕಾಯ ಹುಟ್ಟಲೇ ಇಲ್ಲ. ಈ ಶೋಧವನ್ನು ದೊಡ್ಡ ಪತ್ರಿಕೆ ಒಪ್ಪದೆ, ೧೯೫೬ರಲ್ಲಿ ಅದು ಕೋಳಿಸಾಕಣೆಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ೧೯೬೫ರಲ್ಲಿ ಮ್ಯಾಕ್ಸ್ ಕೂಪರ್ ಮತ್ತು ಅವರ ಸಂಗಡಿಗರು ಅದರ ಪೂರ್ಣ ಅರ್ಥವನ್ನು ಬಿಡಿಸಿ ತೋರಿಸಿದರು. ಮನುಷ್ಯನಿಗೆ ಆ ಚೀಲವಿಲ್ಲ. ನಮ್ಮ ಬಿ ಕಣಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಹೆಸರು ಮಾತ್ರ ಕೋಳಿಯದೇ ಉಳಿದಿದೆ.

ಪ್ರತಿಯೊಂದು ಬಿ ಕಣದ ಮೈಮೇಲೂ ಸುಮಾರು ಒಂದು ಲಕ್ಷ ಗ್ರಾಹಕಗಳು ಇರುತ್ತವೆ. ಒಂದು ಕಣದ ಮೇಲಿನವೆಲ್ಲ ಒಂದೇ ಅಚ್ಚಿನವು. ಇನ್ನೊಂದು ಕಣದವು ಇನ್ನೊಂದು ಅಚ್ಚಿನವು. ಬೀಗಕ್ಕೆ ಕೀಲಿ ಹೊಂದುವಂತೆ ಒಂದು ಗ್ರಾಹಕಕ್ಕೆ ಯಾವುದೋ ಒಂದು ವಸ್ತು ಹೊಂದುತ್ತದೆ. ಜಗತ್ತಿನಲ್ಲಿ ಹಿಂದೆ ಇದ್ದ, ಈಗ ಇರುವ, ಮುಂದೆ ಹುಟ್ಟಬಹುದಾದ ಎಲ್ಲ ರೋಗಾಣುಗಳಿಗೂ ಹೊಂದುವಷ್ಟು ಬಗೆಯ ಗ್ರಾಹಕಗಳನ್ನು ಶರೀರ ಹೇಗೆ ಮಾಡಿಕೊಂಡೀತು? ಸುಸುಮು ತೊನೆಗಾವಾ ಎಂಬ ಜಪಾನೀ ವಿಜ್ಞಾನಿ ೧೯೭೬ರಲ್ಲಿ ಇದಕ್ಕೆ ಉತ್ತರ ಕಂಡುಹಿಡಿದರು. ೧೯೮೭ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ವರ್ಣಮಾಲೆಯಲ್ಲಿ ಐವತ್ತರ ಸಮೀಪ ಅಕ್ಷರಗಳಿವೆ. ಅವುಗಳಿಂದ ಹುಟ್ಟಿದ ಪದಗಳಿಗೆ ಲೆಕ್ಕವಿಲ್ಲ. ಹಾಗೆಯೇ ಬಿ ಕಣವು ಕೆಲವೇ ವಂಶವಾಹಿ ತುಣುಕುಗಳನ್ನು ಹಿಂದುಮುಂದಾಗಿ ಕತ್ತರಿಸಿ ಜೋಡಿಸಿಕೊಂಡು ತನ್ನದೇ ಆದ ಒಂದು ಗ್ರಾಹಕವನ್ನು ರಚಿಸಿಕೊಳ್ಳುತ್ತದೆ. ಆದರೆ ಈ ಜೋಡಣೆ ಕವಿಯ ಪದಜೋಡಣೆಯಂತೆ ಅರ್ಥವನ್ನು ಉದ್ದೇಶಿಸಿ ನಡೆಯುವಂಥದಲ್ಲ. ಕಣ್ಣು ಕಟ್ಟಿಕೊಂಡ ಮಗು ಅಕ್ಷರದ ಬಿಲ್ಲೆಗಳನ್ನು ಹಿಡಿಹಿಡಿಯಾಗಿ ತೆಗೆದು ಇಟ್ಟಂತೆ. ಹಲವು ಸಲ ಪದವೇ ಆಗುವುದಿಲ್ಲ. ಕೆಲವು ಸಲ ಒಳ್ಳೆಯ ಪದವಾಗುತ್ತದೆ. ಕೆಲವು ಸಲ ಬೈಗುಳವೂ ಆಗುತ್ತದೆ. ಎಂದರೆ, ಆ ಗ್ರಾಹಕವು ನಮ್ಮದೇ ಶರೀರದ ಯಾವುದೋ ವಸ್ತುವಿಗೆ ಹೊಂದಿಕೊಂಡುಬಿಡುತ್ತದೆ.

ಈ ಕಾರಣದಿಂದಲೇ ಬಿ ಕಣದ ಬಾಳಿನಲ್ಲಿ ಪರೀಕ್ಷೆಗಳ ಸಾಲು ಆರಂಭವಾಗುತ್ತದೆ. ಈ ವಿಷಯದಲ್ಲಿ ಕಳೆದ ಅರ್ಧ ಶತಮಾನದ ಸಂಶೋಧನೆಯ ಸಾರವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಹೀಗೆ ಹೇಳಬಹುದು: ಬಿ ಕಣದ ಪಾಲಿಗೆ ಸಾವೇ ಸಹಜಸ್ಥಿತಿ, ಬದುಕೆಂಬುದು ಮೇಲಿಂದ ಮೇಲೆ ಪಡೆಯಬೇಕಾದ ಅಪ್ಪಣೆ. ಅಪ್ಪಣೆ ಬರುವುದು ನಿಂತರೆ, ಕೊಲ್ಲುವವರು ಯಾರೂ ಬೇಕಾಗಿಲ್ಲ. ಕಣ ತಾನಾಗಿ ಉದುರುತ್ತದೆ.

ಮೊದಲನೆಯ ಪರೀಕ್ಷೆ ಮಜ್ಜೆಯಲ್ಲಿಯೇ ನಡೆಯುತ್ತದೆ. ತುಣುಕುಗಳ ಜೋಡಣೆ ಕೆಟ್ಟು ಗ್ರಾಹಕವೇ ರೂಪುಗೊಳ್ಳದ ಕಣಕ್ಕೆ ಮುಂದಕ್ಕೆ ಹೋಗುವ ಅಪ್ಪಣೆಯಿಲ್ಲ. ಗ್ರಾಹಕ ರೂಪುಗೊಂಡರೂ ಅದು ಮಜ್ಜೆಯಲ್ಲಿನ ಸ್ವಂತ ವಸ್ತುಗಳನ್ನು ಬಿಗಿಯಾಗಿ ಹಿಡಿಯುತ್ತದೆಯೋ ಎಂದು ನೋಡಲಾಗುತ್ತದೆ. ಹಿಡಿದರೆ ಮೂರು ಗತಿಗಳಿವೆ. ಗ್ರಾಹಕವನ್ನು ಅಳಿಸಿ ಮತ್ತೊಂದನ್ನು ಬರೆದುಕೊಳ್ಳಲು ಕಣಕ್ಕೆ ಅವಕಾಶ ಸಿಗುತ್ತದೆ. ಈ ತಿದ್ದುಪಡಿಯ ಕ್ರಮ ಬೆಳಕಿಗೆ ಬಂದದ್ದು ೧೯೯೩ರಲ್ಲಿ. ತಿದ್ದಿಕೊಳ್ಳಲಾರದಿದ್ದರೆ ಕಣ ಸಾಯುತ್ತದೆ. ಹಿಡಿತ ಸಡಿಲವಾಗಿದ್ದರೆ ಕಣ ಬದುಕಿಯೂ ಮೂಕವಾಗುತ್ತದೆ. ಕರೆದರೂ ಓಗೊಡದ ಅಂಥ ಕಣಗಳನ್ನು ಆಸ್ಟ್ರೇಲಿಯದ ಕ್ರಿಸ್ಟೊಫರ್ ಗುಡ್‌ನೌ ೧೯೮೮ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ೨೦೦೩ರಲ್ಲಿ ಮನುಷ್ಯರ ಮಜ್ಜೆಯಿಂದಲೇ ಎಳೆಯ ಬಿ ಕಣಗಳನ್ನು ತೆಗೆದು ಪರೀಕ್ಷಿಸಿದಾಗ, ಅರ್ಧಕ್ಕಿಂತ ಹೆಚ್ಚು ಕಣಗಳು ಸ್ವಂತ ಶರೀರದ ವಸ್ತುವಿಗೆ ಅಂಟುವಂಥವೆಂದು ಕಂಡುಬಂತು. ಪರೀಕ್ಷೆಗೆ ರಕ್ತ ಮಜ್ಜೆಗಳನ್ನು ಕೊಟ್ಟವರು ರೋಗಿಗಳಲ್ಲ, ಆರೋಗ್ಯವಂತರು. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ನಮಗೆ ಬೇಕಾಗುತ್ತದೆ.

ಮಜ್ಜೆಯಿಂದ ಪಾರಾದ ಕಣ ರಕ್ತದ ದಾರಿಯಾಗಿ ಗುಲ್ಮವನ್ನು ಸೇರುತ್ತದೆ. ಅಲ್ಲಿ ಎರಡನೆಯ ನಿರ್ಬಂಧ: ಆಹಾರದ್ದು. ೧೯೯೯ರಲ್ಲಿ ಹಲವು ಪ್ರಯೋಗಾಲಯಗಳು ಹೆಚ್ಚುಕಡಿಮೆ ಏಕಕಾಲಕ್ಕೆ ‘ಬ್ಯಾಫ್’ ಎಂಬ ಒಂದು ಪದಾರ್ಥವನ್ನು ಗುರುತಿಸಿದವು. ಇದನ್ನು ಶರೀರದ ಇತರ ಕೋಶಗಳು ಮಿತವಾದ ಪ್ರಮಾಣದಲ್ಲಿ ಸ್ರವಿಸುತ್ತವೆ. ಬಿ ಕಣ ಬದುಕಿರಬೇಕಾದರೆ ಇದು ಅದಕ್ಕೆ ಸಿಗುತ್ತಲೇ ಇರಬೇಕು. ಹಿಂದಿನ ಕಾಲದ ಛತ್ರಗಳಲ್ಲಿ ದಿನದ ಪಡಿ ಅಳೆದುಕೊಡುತ್ತಿದ್ದರಲ್ಲ, ಹಾಗೆ. ಪಡಿ ಇಂತಿಷ್ಟೇ ಆದ್ದರಿಂದ ಎಷ್ಟು ಕಣಗಳು ಬದುಕಬೇಕೆಂಬುದೂ ಅದರಿಂದಲೇ ನಿರ್ಧಾರವಾಗುತ್ತದೆ. ಸ್ವಂತ ಶರೀರಕ್ಕೆ ಅಂಟುವ ಚಾಳಿಯ ಕಣಗಳಿಗೆ ಬದುಕಲು ಹೆಚ್ಚು ಪಡಿ ಬೇಕು. ಪೈಪೋಟಿಯಲ್ಲಿ ಅವು ಹಿಂದೆ ಬಿದ್ದು ಉದುರುತ್ತವೆ. ಪಡಿಯೊಂದೇ ಸಾಲದು. ಕಣದ ಮೈಮೇಲಿನ ಗ್ರಾಹಕದಿಂದ ‘ನಾನಿದ್ದೇನೆ’ ಎಂಬಂಥ ಒಂದು ಸಣ್ಣ ಸೂಚನೆಯೂ ಒಳಕ್ಕೆ ಸದಾ ಹರಿಯುತ್ತಿರಬೇಕು. ಬೆಳೆದ ಬಿ ಕಣದಿಂದ ಗ್ರಾಹಕವನ್ನು ಕಿತ್ತರೆ ಅದು ಕೆಲವೇ ದಿನಗಳಲ್ಲಿ ಸಾಯುತ್ತದೆಂದು ೧೯೯೭ರಲ್ಲಿ ಕ್ಲೌಸ್ ರಜೆವ್ಸ್ಕಿಯವರ ತಂಡ ತೋರಿಸಿತು. ತನಗೆ ಕೊಟ್ಟ ಆಯುಧವನ್ನು ಕಳೆದುಕೊಂಡ ಕಾವಲುಗಾರನಿಗೆ ಪಡಿಯೂ ಇಲ್ಲ ಎಂಬಂತಾಯಿತು.

ಮೂರನೆಯದು ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ. ಕಾಲಿನ ಗಾಯ ಕೆಟ್ಟರೆ ತೊಡೆಯ ಸಂದಿಯಲ್ಲಿ ಗಂಟು ಏಳುವುದನ್ನು ಎಲ್ಲರೂ ಕಂಡಿದ್ದೇವೆ. ಆ ಗಂಟು ಊದಿಕೊಂಡ ದುಗ್ಧಗ್ರಂಥಿ. ರೋಗಾಣುವಿಗೆ ಹೊಂದುವ ಗ್ರಾಹಕವಿರುವ ಬಿ ಕಣ ಅಲ್ಲಿ ಒಂದರಿಂದ ಎರಡು, ಎರಡರಿಂದ ನಾಲ್ಕಾಗಿ ವೃದ್ಧಿಸುತ್ತದೆ. ಹೊಂದಿದ ಕಣವೇ ಆಯ್ಕೆಯಾಗಿ ಹೆಚ್ಚುತ್ತದೆಂಬ ಈ ತತ್ತ್ವವನ್ನು ೧೯೫೭ರಲ್ಲಿ ಪ್ರತಿಪಾದಿಸಿದವರು ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್. ಗ್ರಂಥಿಯಲ್ಲಿ ಹೀಗೆ ಕಣಗಳು ಕಿಕ್ಕಿರಿದು ಹುಟ್ಟುವ ತಾಣಕ್ಕೆ ಅಂಕುರ ಕೇಂದ್ರವೆಂದು ಹೆಸರು. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು, ಕಣಗಳ ಜನ್ಮಸ್ಥಾನವೆಂದು ಈ ಹೆಸರನ್ನಿಟ್ಟಿದ್ದ. ಅಲ್ಲಿಯ ದೊಡ್ಡ ಕೋಶಗಳ ಹೊಟ್ಟೆಯಲ್ಲಿ ಬಣ್ಣ ಹಿಡಿಯುವ ಚೂರುಗಳನ್ನೂ ಅವನು ಗಮನಿಸಿದ್ದ. ಆ ಚೂರುಗಳು ಸತ್ತ ಬಿ ಕಣಗಳ ಅವಶೇಷಗಳು. ಜನ್ಮಸ್ಥಾನವೆಂದು ಹೆಸರಾದುದು ಸ್ಮಶಾನವೂ ಹೌದು.

ಅಂಕುರ ಕೇಂದ್ರದಲ್ಲಿ ಬಿ ಕಣಗಳು ಬೆಸ ಬೆಸನೆ ಒಡೆದು ಹೆಚ್ಚುವಾಗ ತಮ್ಮ ಗ್ರಾಹಕದ ಬರಹವನ್ನು ತಾವೇ ಅಲ್ಲಲ್ಲಿ ತಿದ್ದುತ್ತವೆ. ಈ ತಿದ್ದುಪಡಿಯೂ ಕುರುಡು. ಬಹುಪಾಲು ತಿದ್ದುಪಡಿಗಳು ಇದ್ದುದನ್ನು ಕೆಡಿಸುತ್ತವೆ. ಎಲ್ಲೋ ಕೆಲವು ಮಾತ್ರ ರೋಗಾಣುವನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯುವಂತೆ ಮಾಡುತ್ತವೆ. ಬಳಿಕ ಪ್ರತಿಯೊಂದು ಕಣವೂ ರೋಗಾಣುವಿನ ತುಣುಕನ್ನು ಹಿಡಿದುತಂದು, ಟಿ ಕಣವೆಂಬ ಸಹಾಯಕನಿಗೆ ಒಪ್ಪಿಸಿ, ಅದರಿಂದ ಬದುಕುವ ಅಪ್ಪಣೆ ಪಡೆಯಬೇಕು. ಹೆಚ್ಚು ತಂದವನಿಗೆ ಅಪ್ಪಣೆ. ಕಡಿಮೆ ತಂದವನಿಗೆ ಇಲ್ಲ. ಇಲಿಗಳಲ್ಲಿ ಮಾಡಿದ ಒಂದು ಅಧ್ಯಯನದಲ್ಲಿ, ಅಂಕುರ ಕೇಂದ್ರದ ಬಿ ಕಣಗಳಲ್ಲಿ ಅರ್ಧದವರೆಗೂ ಆರು ತಾಸಿಗೊಮ್ಮೆ ಸಾಯುತ್ತವೆಂದು ೨೦೧೭ರಲ್ಲಿ ಲೆಕ್ಕ ಹಾಕಲಾಯಿತು. ನೇಜಿಯನ್ನು ಕಿತ್ತು ನೆಡುವಾಗ ಸಣಕಲು ಸಸಿಗಳನ್ನು ಹೆಣ್ಣಾಳುಗಳು ಬದಿಗೆಸೆಯುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಕಾಯಿಲೆಯ ಎರಡನೆಯ ವಾರದ ಪ್ರತಿಕಾಯಕ್ಕಿಂತ ಎರಡನೆಯ ತಿಂಗಳ ಪ್ರತಿಕಾಯ ಏಕೆ ಹೆಚ್ಚು ಹರಿತವಾಗಿರುತ್ತದೆಂಬ ಪ್ರಶ್ನೆಗೆ ಉತ್ತರ ಈ ಸಾವುಗಳಲ್ಲಿದೆ.

ಇನ್ನು, ಅಪ್ಪಣೆ ಬರುವುದು ನಿಂತಾಗ ಕಣದ ಒಳಗೆ ಏನಾಗುತ್ತದೆ? ಪ್ರತಿ ಕಣದಲ್ಲಿಯೂ ಸಾವಿನ ಸಲಕರಣೆ ಮೊದಲೇ ಸಿದ್ಧವಾಗಿರುತ್ತದೆ. ‘ಬಿಸಿಎಲ್-೨’ ಎಂಬ ಹೆಸರಿನ ಪ್ರೋಟೀನು ಆ ಸಲಕರಣೆಯನ್ನು ಅದುಮಿ ಹಿಡಿದಿರುತ್ತದೆ. ‘ಬಿಮ್’ ಎಂಬ ಇನ್ನೊಂದು ಪ್ರೋಟೀನು ಆ ಹಿಡಿತವನ್ನು ಬಿಡಿಸಲು ನೋಡುತ್ತದೆ. ಹೊರಗಿನಿಂದ ಪಡಿಯೂ ಸೂಚನೆಯೂ ಬರುತ್ತಿರುವ ತನಕ ಹಿಡಿಯುವವರ ಕೈ ಮೇಲು. ಬರುವುದು ನಿಂತರೆ ಬಿಡಿಸುವವರ ಕೈ ಮೇಲಾಗಿ, ಕಣಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಗೋಡೆಯಲ್ಲಿ ರಂಧ್ರಗಳಾಗುತ್ತವೆ. ಅಲ್ಲಿಂದ ಸೋರಿದ ಪದಾರ್ಥ ‘ಕ್ಯಾಸ್ಪೇಸ್’ ಎಂಬ ಕತ್ತರಿಗಳನ್ನು ಎಚ್ಚರಿಸುತ್ತದೆ. ಆಮೇಲೆ ಕೆಲಸ ಮುಗಿಯಲು ತಡವಾಗುವುದಿಲ್ಲ.

ಇಷ್ಟು ವಿವರವನ್ನು ನಾನು ಕುತೂಹಲಕ್ಕಾಗಿ ಓದಿದವನಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಕೊರಳಿನ ಬಲಭಾಗದಲ್ಲಿ ನೋವಿಲ್ಲದ ಒಂದು ಗಂಟು ಕಾಣಿಸಿಕೊಂಡಿತು. ನಗರದ ಒಂದು ಆಸ್ಪತ್ರೆಯಲ್ಲಿ ಅದರ ತುಣುಕು ತೆಗೆದು ಪರೀಕ್ಷಿಸಿದರು. ಫಾಲಿಕ್ಯುಲರ್ ಲಿಂಫೋಮಾ ಎಂದು ಬರೆದು ಬಂತು. ಬಿ ಕಣಗಳಿಂದ ಹುಟ್ಟುವ ಒಂದು ಬಗೆಯ ಅರ್ಬುದ ಅದು. ನನ್ನ ವಯಸ್ಸಿನಲ್ಲಿ ಬರುವುದು ಅಪರೂಪವೇನಲ್ಲ. ಅರ್ಬುದವೆಂದರೆ ಕಣಗಳು ಹುಚ್ಚೆದ್ದು ಬೆಳೆಯುವುದು ಎಂಬಷ್ಟೇ ತಿಳಿದಿದ್ದ ನಾನು, ಎಷ್ಟು ವೇಗವಾಗಿ ಬೆಳೆಯುತ್ತಿವೆ ಎಂದು ವೈದ್ಯರನ್ನು ಕೇಳಿದೆ. ಅವರು ನಮ್ಮ ಊರಿನ ಕನ್ನಡದಲ್ಲಿ ಹೇಳಿದರು: “ಇದು ಬೇಗ ಬೆಳೆಯುವ ಜಾತಿಯದ್ದಲ್ಲ ಸರ್. ಈ ಕಣಗಳಿಗೆ ಸಾಯಲಿಕ್ಕೆ ಬರುವುದಿಲ್ಲ, ಅಷ್ಟೆ.”

ಆ ವಾಕ್ಯ ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಅದರ ಹಿಂದಿನ ಶಾಸ್ತ್ರ ಹೀಗಿದೆ. ಬಿಸಿಎಲ್-೨ರ ವಂಶವಾಹಿ ಇರುವುದು ಹದಿನೆಂಟನೆಯ ವರ್ಣತಂತುವಿನಲ್ಲಿ. ಮಜ್ಜೆಯಲ್ಲಿ ತುಣುಕುಗಳನ್ನು ಕತ್ತರಿಸಿ ಜೋಡಿಸುವಾಗ ಎಂದೋ ಒಮ್ಮೆ ಕೈತಪ್ಪಿ, ಅದು ಹದಿನಾಲ್ಕನೆಯ ವರ್ಣತಂತುವಿನಲ್ಲಿರುವ ಪ್ರತಿಕಾಯದ ವಂಶವಾಹಿಯ ಪಕ್ಕಕ್ಕೆ ಹೋಗಿ ಕೂರುತ್ತದೆ. ಬಿ ಕಣದಲ್ಲಿ ಪ್ರತಿಕಾಯದ ವಂಶವಾಹಿ ಸದಾ ಎಚ್ಚರವಾಗಿರುವಂಥದು. ಅದರ ಸಹವಾಸಕ್ಕೆ ಬಿದ್ದ ಬಿಸಿಎಲ್-೨ ಕೂಡ ಸದಾ ಎಚ್ಚರವಾಗುತ್ತದೆ. ಸಾವಿನ ಸಲಕರಣೆಯನ್ನು ಅದುಮಿದ ಕೈ ಮೇಲೇಳುವುದೇ ಇಲ್ಲ. ಈ ರೋಗದವರಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಮಂದಿಯಲ್ಲಿ ಈ ಸ್ಥಾನಪಲ್ಲಟವಿದೆ. ಇದರಿಂದ ಕಣ ವೇಗವಾಗಿ ಹೆಚ್ಚುವುದಿಲ್ಲ, ಸಾಯದೆ ಉಳಿಯುತ್ತದೆ ಎಂಬುದನ್ನು ೧೯೮೮ರಲ್ಲಿ ಮೆಲ್ಬರ್ನಿನ ಡೇವಿಡ್ ವಾಕ್ಸ್, ಸೂಝನ್ ಕೋರಿ ಮತ್ತು ಜೆರ್ರಿ ಆಡಮ್ಸ್ ತೋರಿಸಿದರು. ಹೀಗೆ ಪಲ್ಲಟವಾದ ಕಣಗಳು ರೋಗವಿಲ್ಲದ ಅನೇಕರ ರಕ್ತದಲ್ಲಿಯೂ ಒಂದಿಷ್ಟು ಇರುತ್ತವೆ. ಇನ್ನಷ್ಟು ತಪ್ಪುಗಳು ಸೇರಿಕೊಂಡಾಗ ಮಾತ್ರ ಅದು ರೋಗವಾಗುತ್ತದೆ.

ವೈದ್ಯರು ಮೊದಲು ಒಂದು ವರ್ಷ ಏನೂ ಕೊಡದೆ ಕಾದು ನೋಡಿದರು. ನಿಧಾನಗತಿಯ ಈ ರೋಗದಲ್ಲಿ ಅದೂ ಒಂದು ಮಾನ್ಯವಾದ ಕ್ರಮ. ಆಮೇಲೆ ರಿಟುಕ್ಸಿಮ್ಯಾಬ್ ಎಂಬ ಔಷಧಿಯನ್ನು ಇತರ ಔಷಧಿಗಳೊಡನೆ ನರದ ಮೂಲಕ ಕೊಟ್ಟರು. ಇದು ಅಮೆರಿಕದಲ್ಲಿ ೧೯೯೭ರಲ್ಲಿ ಮಾನ್ಯತೆ ಪಡೆದದ್ದು. ೨೦೦೭ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದರ ಸಮಾನರೂಪವನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಔಷಧಿಯೂ ಒಂದು ಪ್ರತಿಕಾಯವೇ ಎಂಬುದು ಇಲ್ಲಿನ ಸೋಜಿಗ. ಬಿ ಕಣಗಳ ಮೈಮೇಲಿನ ‘ಸಿಡಿ-೨೦’ ಎಂಬ ಗುರುತಿಗೆ ಇದು ಅಂಟಿಕೊಂಡು ಆ ಕಣವನ್ನು ಸಾವಿಗೆ ಒಪ್ಪಿಸುತ್ತದೆ. ಒಳ್ಳೆಯದು ಕೆಟ್ಟದು ಎಂಬ ಭೇದ ಅದಕ್ಕಿಲ್ಲ. ಗುರುತಿದ್ದ ಕಣಗಳೆಲ್ಲ ಹೋಗುತ್ತವೆ. ಮಜ್ಜೆಯು ಹೊಸ ಕಣಗಳನ್ನು ಹುಟ್ಟಿಸಿ ತೆರವನ್ನು ತುಂಬಲು ಚಿಕಿತ್ಸೆ ಮುಗಿದ ಮೇಲೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಲಸಿಕೆ ಹಾಕಿಸಿಕೊಂಡರೆ ಹೆಚ್ಚಿನ ಫಲವಿಲ್ಲ, ಏಕೆಂದರೆ ಪಾಠ ಕಲಿಯಬೇಕಾದ ವಿದ್ಯಾರ್ಥಿಗಳೇ ತರಗತಿಯಲ್ಲಿಲ್ಲ. ಇಂಥ ಚಿಕಿತ್ಸೆಗೆ ಹೋಗುವವರು ಯಾವ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳಬೇಕೆಂದು ವೈದ್ಯರಲ್ಲಿ ಕೇಳಿಕೊಳ್ಳುವುದು, ಮನೆಯವರು ತಾವು ಲಸಿಕೆ ಹಾಕಿಸಿಕೊಂಡಿರುವುದು, ಬಹಳ ಅಗತ್ಯ. ಸಾಯಲಿಕ್ಕೆ ಬಾರದ ಕಣಗಳು ಎಷ್ಟು ಅಪಾಯವೋ, ಬಿ ಕಣಗಳೇ ಇಲ್ಲದ ಸ್ಥಿತಿಯೂ ಅಷ್ಟೇ ಅಪಾಯ. ೧೯೫೨ರಲ್ಲಿ ಅಮೆರಿಕದ ವೈದ್ಯ ಓಗ್ಡೆನ್ ಬ್ರೂಟನ್ ವರ್ಣಿಸಿದ ಎಂಟು ವರ್ಷದ ಹುಡುಗನೊಬ್ಬನಿಗೆ ಮೇಲಿಂದ ಮೇಲೆ ಸೋಂಕು ತಗಲುತ್ತಿತ್ತು. ರಕ್ತದಲ್ಲಿ ಪ್ರತಿಕಾಯಗಳೇ ಇರಲಿಲ್ಲ. ಅಂಥ ಮಕ್ಕಳಲ್ಲಿ ಬಿ ಕಣಗಳು ಮೊದಲ ಪರೀಕ್ಷೆಯ ಹೊಸ್ತಿಲನ್ನೇ ದಾಟುವುದಿಲ್ಲವೆಂದು ನಮಗೀಗ ತಿಳಿದಿದೆ.

ಬಿ ಕಣಗಳೆಲ್ಲ ಹೋದ ಮೇಲೂ ನನ್ನ ರಕ್ತದಲ್ಲಿ ಹಳೆಯ ಪ್ರತಿಕಾಯಗಳು ಉಳಿದಿದ್ದವು. ಬಾಲ್ಯದಲ್ಲಿ ಬಂದುಹೋದ ದಡಾರದ ರಕ್ಷಣೆ ಅಳಿದಿರಲಿಲ್ಲ. ಇದು ಹೇಗೆ? ಅಂಕುರ ಕೇಂದ್ರದ ಪರೀಕ್ಷೆಯಲ್ಲಿ ಗೆದ್ದ ಕೆಲವು ಕಣಗಳು ಪ್ಲಾಸ್ಮಾ ಕೋಶಗಳಾಗಿ ಮಾರ್ಪಟ್ಟು ಮಜ್ಜೆಗೆ ಹಿಂತಿರುಗುತ್ತವೆ. ಅವುಗಳ ಮೇಲೆ ಆ ಗುರುತು ಇರುವುದಿಲ್ಲವಾದ್ದರಿಂದ ಔಷಧಿ ಅವನ್ನು ಮುಟ್ಟುವುದಿಲ್ಲ. ಅವು ಅಲ್ಲಿ ಕ್ಷಣಕ್ಕೆ ಸಾವಿರಾರರಂತೆ ಪ್ರತಿಕಾಯಗಳನ್ನು ಸುರಿಸುತ್ತ ವರ್ಷಾನುಗಟ್ಟಲೆ ಬಾಳುತ್ತವೆ. ಇವು ಅಲ್ಪಾಯುಗಳೆಂದು ಹಿಂದೆ ತಿಳಿದಿದ್ದರು. ದೀರ್ಘಾಯುಗಳೂ ಇವೆಯೆಂದು ೧೯೯೭–೯೮ರಲ್ಲಿ ಸಿದ್ಧವಾಯಿತು. ಆ ಕೆಲಸ ಮಾಡಿದವರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಫಿ ಅಹ್ಮದ್ ಒಬ್ಬರು. ಆದರೆ ಇವುಗಳ ಬದುಕೂ ಅಪ್ಪಣೆಯದೇ. ಮಜ್ಜೆಯಲ್ಲಿ ಇವುಗಳಿಗೆ ಆಸರೆ ಕೊಡುವ ಗೂಡುಗಳು ಮಿತವಾಗಿವೆ. ಗೂಡು ಸಿಕ್ಕರೆ ದೀರ್ಘಾಯುಷ್ಯ, ತಪ್ಪಿದರೆ ಕೆಲವು ದಿನ.

ಈ ದೀರ್ಘಾಯುಷ್ಯದ ಅಳತೆ ಎಷ್ಟಿರಬಹುದು? ೧೮೪೬ರಲ್ಲಿ ಉತ್ತರ ಸಮುದ್ರದಾಚೆಯ ಫೆರೋ ದ್ವೀಪಗಳಲ್ಲಿ ದಡಾರ ಹಬ್ಬಿದಾಗ ಡೆನ್ಮಾರ್ಕಿನ ತರುಣ ವೈದ್ಯ ಪಾನುಮ್ ಮನೆಮನೆಗೆ ಹೋಗಿ ವಿಚಾರಿಸಿದ. ೧೭೮೧ರಲ್ಲಿ ಹಿಂದಿನ ಸಲ ದಡಾರ ಬಂದಿದ್ದ ಮುದುಕರಲ್ಲಿ ಒಬ್ಬರಿಗೂ ಅದು ಮರಳಿ ಬಂದಿರಲಿಲ್ಲ. ಅರವತ್ತೈದು ವರ್ಷಗಳ ಕಾಲ ನಡುವೆ ದಡಾರವೇ ಇಲ್ಲದಿದ್ದರೂ ಶರೀರ ಮರೆತಿರಲಿಲ್ಲ. ೧೯೧೮ರ ಮಹಾ ಇನ್‌ಫ್ಲುಯೆಂಜಾದ ಕಾಲದಲ್ಲಿ ಮಕ್ಕಳಾಗಿದ್ದ ೩೨ ಮಂದಿ ವೃದ್ಧರನ್ನು ಅಮೆರಿಕದಲ್ಲಿ ಪರೀಕ್ಷಿಸಿ ೨೦೦೮ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗ ಅವರಿಗೆ ೯೧ರಿಂದ ೧೦೧ ವರ್ಷ ವಯಸ್ಸು. ಎಲ್ಲರ ರಕ್ತದಲ್ಲಿಯೂ ಆ ವೈರಸ್ಸಿಗೆ ಎದುರಾದ ಪ್ರತಿಕಾಯಗಳಿದ್ದವು. ಕೆಲವರಲ್ಲಿ ಅದನ್ನು ನೆನಪಿಟ್ಟ ಬಿ ಕಣಗಳೂ ಜೀವಂತವಾಗಿ ಸಿಕ್ಕಿದವು.

ಎಲ್ಲ ನೆನಪುಗಳೂ ಹೀಗೆ ಉಳಿಯುವುದಿಲ್ಲ ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯಿದೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೆ ಜ್ವರ ಬಂದು, ಮಂಗನ ಕಾಯಿಲೆ ಬೆಳಕಿಗೆ ಬಂತು. ನಮ್ಮ ಜಿಲ್ಲೆಯ ಬೆಳ್ತಂಗಡಿಯ ಕಡೆಯಲ್ಲಿ ಗೇರು ತೋಟಕ್ಕಾಗಿ ಕಾಡು ಸವರಿದ ಬೆ‌ನ್ನಿಗೆ, ೧೯೮೨–೮೩ರಲ್ಲಿ, ಸಾವಿರಕ್ಕೂ ಹೆಚ್ಚು ಮಂದಿ ಈ ಕಾಯಿಲೆಯಿಂದ ಮಲಗಿದರು, ಹಲವರು ತೀರಿಕೊಂಡರು. ಕೊಂದ ವೈರಸ್ಸಿನಿಂದ ತಯಾರಿಸಿದ ಲಸಿಕೆ ೧೯೯೦ರಿಂದ ಬಳಕೆಗೆ ಬಂತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು, ಬಳಿಕ ವರ್ಷಕ್ಕೊಂದರಂತೆ ಐದು ವರ್ಷ: ಇದು ಅದರ ಕ್ರಮ. ಇಷ್ಟು ಸಲ ಏಕೆಂದರೆ, ಅದು ಕೊಡುತ್ತಿದ್ದ ರಕ್ಷಣೆ ಬೇಗನೆ ಕ್ಷೀಣಿಸುತ್ತಿತ್ತು. ೨೦೦೫ರಿಂದ ೨೦೧೦ರವರೆಗಿನ ಅಂಕಿಗಳನ್ನು ಪರಿಶೀಲಿಸಿದಾಗ, ಎರಡು ಚುಚ್ಚುಮದ್ದು ಪಡೆದವರಲ್ಲಿ ಶೇಕಡ ೬೨ರಷ್ಟು, ಮತ್ತೊಂದನ್ನೂ ಪಡೆದವರಲ್ಲಿ ಶೇಕಡ ೮೩ರಷ್ಟು ರಕ್ಷಣೆ ಕಂಡುಬಂತು. ಕೂಲಿ ಬಿಟ್ಟು ಬಂದು, ನೋವು ತಿಂದು, ವರ್ಷ ವರ್ಷ ಚುಚ್ಚಿಸಿಕೊಳ್ಳಲು ಕಾಡಂಚಿನ ಜನ ಬೇಸತ್ತರು. ೨೦೨೨ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ಹೊಸ ಲಸಿಕೆಗಾಗಿ ಪ್ರಯತ್ನ ಆರಂಭವಾಯಿತು. ಹೊಸದನ್ನು ರೂಪಿಸುವವರ ಮುಂದಿರುವ ಪ್ರಶ್ನೆ ಪ್ರತಿಕಾಯವನ್ನು ಹುಟ್ಟಿಸುವುದಷ್ಟೇ ಆಗಿದ್ದರೆ ಸುಲಭವಿತ್ತು. ಅದನ್ನು ಹುಟ್ಟಿಸುವ ಕಣಗಳನ್ನು ಮಜ್ಜೆಯ ಗೂಡಿಗೆ ಸೇರಿಸಿ ಬಾಳಿಸುವುದು ಹೇಗೆಂಬುದು ಕಷ್ಟದ ಪ್ರಶ್ನೆ. ಸೊರಬ, ತೀರ್ಥಹಳ್ಳಿಗಳ ಕಾಡಂಚಿನಲ್ಲಿ ದರಗು ಗುಡಿಸುವ ಹೆಂಗಸಿನ ಪಾಲಿಗೆ ಇದು ಪ್ರಯೋಗಶಾಲೆಯ ವಿಚಾರವಲ್ಲ, ಜೀವದ ವಿಚಾರ.

ಕೊನೆಯದಾಗಿ, ಸಾಯಬೇಕಾದ ಕಣ ಉಳಿದರೆ ಒದಗುವ ಇನ್ನೊಂದು ಕಷ್ಟದ ಬಗೆಗೆ ಹೇಳಬೇಕು. ‘ಬ್ಯಾಫ್’ ಎಂಬ ಪಡಿ ಅತಿಯಾದ ಇಲಿಗಳಲ್ಲಿ, ಉದುರಬೇಕಾಗಿದ್ದ ಸ್ವಂತಕ್ಕೆ ಅಂಟುವ ಕಣಗಳೂ ಬದುಕಿ ಉಳಿದು, ಲೂಪಸ್ಸನ್ನು ಹೋಲುವ ರೋಗ ಕಾಣಿಸಿಕೊಂಡಿತು. ಲೂಪಸ್ಸಿನಲ್ಲಿ ಪ್ರತಿಕಾಯಗಳು ಸ್ವಂತ ಶರೀರದ ಚರ್ಮ, ಕೀಲು, ಮೂತ್ರಪಿಂಡಗಳಿಗೆ ಹಾನಿ ಮಾಡುತ್ತವೆ. ಈ ರೋಗದ ಅನೇಕರ ರಕ್ತದಲ್ಲಿ ಆ ಪಡಿ ಹೆಚ್ಚಾಗಿರುವುದು ಕಂಡುಬಂದಿದೆ. ಅದನ್ನು ತಡೆಯುವ ಬೆಲಿಮ್ಯುಮ್ಯಾಬ್ ಎಂಬ ಔಷಧಿಗೆ ೨೦೧೧ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಸಿಕ್ಕಿತು. ಹತ್ತು ಮಂದಿ ರೋಗಿಗಳಲ್ಲಿ ಒಂಬತ್ತು ಮಂದಿ ಹೆಂಗಸರು, ಬಹುಮಟ್ಟಿಗೆ ಹರೆಯದವರು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಈ ರೋಗವಿದೆ. ಕೆನ್ನೆಗಳ ಮೇಲೆ ಕೆಂಪು ಕಲೆ ಎದ್ದಾಗ ಬಂಧುಗಳು ನಾಗದೋಷವೆಂದರು. ನಾಗನಿಗೆ ತಂಬಿಲ ಕೊಟ್ಟದ್ದಾಯಿತು. ನಮ್ಮ ಜಿಲ್ಲೆಯಲ್ಲಿ ಅದು ಅವರವರ ಶ್ರದ್ಧೆಯ ಮಾತು, ಅದನ್ನು ನಾನು ಹೀಗಳೆಯಲಾರೆ. ಆದರೆ ಮಾತ್ರೆಗಳನ್ನು ಬಿಡಿಸಿದರು. ಮೂರು ತಿಂಗಳಲ್ಲಿ ಅವಳ ಕಾಲು ಮುಖ ಊದಿಕೊಂಡಿತು, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಚಿಕಿತ್ಸೆಯಿಂದ ಅವಳು ಚೇತರಿಸಿಕೊಂಡ ಮೇಲೆ ಒಂದು ದಿನ ನಮ್ಮ ಮನೆಗೆ ಬಂದಿದ್ದಳು. ನಿಮ್ಮ ಶರೀರವೇ ನಿಮ್ಮ ಶತ್ರುವಾಗಿದೆ ಎಂದು ಯಾರೋ ಅವಳಿಗೆ ವಿವರಿಸಿದ್ದರಂತೆ. “ಸರ್, ನನ್ನ ಶರೀರಕ್ಕೇ ನಾನು ಆಗದವಳಾದೆನಾ?” ಎಂದು ಕೇಳಿದಳು.

ನಾನು ಅವಳಿಗೆ ೨೦೦೩ರ ಆ ಪರೀಕ್ಷೆಯ ವಿಷಯ ಹೇಳಿದೆ. ಅವಳ ಮಜ್ಜೆಯಲ್ಲಿ ಹುಟ್ಟುವಂಥ ಕಣಗಳೇ ನನ್ನ ಮಜ್ಜೆಯಲ್ಲಿಯೂ, ಆರೋಗ್ಯವಾಗಿರುವ ಎಲ್ಲರ ಮಜ್ಜೆಯಲ್ಲಿಯೂ ದಿನಬೆಳಗಾದರೆ ಹುಟ್ಟುತ್ತವೆ, ಅರ್ಧಕ್ಕಿಂತ ಹೆಚ್ಚಾಗಿಯೇ ಹುಟ್ಟುತ್ತವೆ. ಕೆಲವರಲ್ಲಿ ಅವು ಉದುರುತ್ತವೆ, ಕೆಲವರಲ್ಲಿ ಸಾಕಷ್ಟು ಉದುರುವುದಿಲ್ಲ. ಅದರಲ್ಲಿ ದ್ವೇಷವಿಲ್ಲ, ಶಾಪವಿಲ್ಲ, ಹಿಂದಿನ ಜನ್ಮದ ಲೆಕ್ಕವಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮಗಿಬ್ಬರಿಗೂ ಒಂದೇ ಸಮಸ್ಯೆ ಸರ್,” ಎಂದಳು. ಅವಳ ಮಾತು ಸರಿಯಾಗಿತ್ತು. ಅವಳಿಗೂ ಒಮ್ಮೆ ನನಗೆ ಕೊಟ್ಟ ಔಷಧಿಯನ್ನೇ ಕೊಟ್ಟಿದ್ದರು.

ರೋಗನಿರೋಧದ ಬಗೆಗೆ ಮಾತಾಡುವಾಗ ನಾವು ಸೈನ್ಯ, ಕೋಟೆ, ಶತ್ರು, ದಂಗೆ ಎಂಬ ಯುದ್ಧದ ಪದಗಳನ್ನೇ ಬಳಸುತ್ತ ಬಂದಿದ್ದೇವೆ. ಮಕ್ಕಳಿಗೆ ಪಾಠ ಹೇಳಲು ಅವು ಅನುಕೂಲವಾಗಿರಬಹುದು. ಕಾವಲುಗಾರ ಎಂಬ ಪದವನ್ನು ಈಗಷ್ಟೇ ನಾನೂ ಬಳಸಿದೆ. ಆದರೆ ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ಆ ಪದಗಳನ್ನು ಹೊರಗೆ ಬಿಟ್ಟು ಬರುವುದು ಒಳ್ಳೆಯದು. ಕಣಗಳ ಹುಟ್ಟುಸಾವು ನಮ್ಮ ಇಚ್ಛೆಗೆ ಸೇರಿದ್ದಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳುವುದು, ಕೊರಳಲ್ಲೋ ಕಂಕುಳಲ್ಲೋ ನೋವಿಲ್ಲದ ಗಂಟು ಕೆಲವು ವಾರ ಕರಗದೆ ನಿಂತರೆ ವೈದ್ಯರಿಗೆ ತೋರಿಸುವುದು, ಕಾಯಿಲೆಯವರ ಮುಂದೆ ಆಡುವ ಮಾತನ್ನು ತೂಗಿ ಆಡುವುದು, ಇಷ್ಟು ನಮ್ಮ ಕೈಯಲ್ಲಿದೆ. ನನ್ನ ಕೊರಳಿನ ಗಂಟು ಸದ್ಯಕ್ಕೆ ಕರಗಿದೆ. ಈ ರೋಗ ಮರಳಿ ಬರಬಹುದೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ; ಹೀಗಿದ್ದೂ ಹಲವು ವರ್ಷ ಬಾಳಿದವರಿದ್ದಾರೆಂದೂ ಹೇಳಿದ್ದಾರೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇನೆ. ಉಳಿದ ದಿನಗಳಲ್ಲಿ ಓದು ಬರಹ ಎಂದಿನಂತೆ ನಡೆಯುತ್ತಿದೆ.